ಹುಬ್ಬಿನ ಗಂಟು ಬಿಡಿಸುವ ವಿಷ

ಚರ್ಮವೈದ್ಯರ ಫ್ರಿಜ್‌ನಿಂದ ಹೊರಬರುವ ಆ ಪುಟ್ಟ ಸೀಸೆಯನ್ನು ಬೆಳಕಿಗೆ ಹಿಡಿದರೆ ಒಳಗೆ ಏನೂ ಇದ್ದಂತೆ ಕಾಣುವುದಿಲ್ಲ. ಕಣ್ಣು ಕಿರಿದು ಮಾಡಿ ನೋಡಿದರೆ ತಳದಲ್ಲಿ ತೆಳ್ಳನೆಯ ಬಿಳಿ ಪೊರೆ ಅಂಟಿಕೊಂಡಿರುವುದು ಗೊತ್ತಾಗುತ್ತದೆ. ಅದು ಕೂಡ ಔಷಧವಲ್ಲ. ಅರ್ಧ ಮಿಲಿಗ್ರಾಂ ಆಲ್ಬುಮಿನ್ ಎಂಬ ರಕ್ತದ ಪ್ರೋಟೀನು, ಒಂದು ಮಿಲಿಗ್ರಾಂಗೂ ಕಡಿಮೆ ಉಪ್ಪು. 100 ಯೂನಿಟ್‌ನ ಬೊಟಾಕ್ಸ್ ಸೀಸೆಯಲ್ಲಿ ನಿಜವಾದ ಔಷಧದ ಪಾಲು ಸುಮಾರು 5 ನ್ಯಾನೊಗ್ರಾಂ. ಒಂದು ಗ್ರಾಂ ಅನ್ನು ಇಪ್ಪತ್ತು ಕೋಟಿ ಭಾಗ ಮಾಡಿದರೆ ಅದರಲ್ಲಿ ಒಂದು ಭಾಗ.

ಅಷ್ಟೇ ಸಾಕು. ಏಕೆಂದರೆ ಸೀಸೆಯಲ್ಲಿರುವುದು ಬೊಟುಲಿನಮ್ ಟಾಕ್ಸಿನ್, ವಿಜ್ಞಾನ ಈವರೆಗೆ ಅಳೆದಿರುವ ವಿಷಗಳಲ್ಲೆಲ್ಲ ಅತ್ಯಂತ ಪ್ರಬಲವಾದದ್ದು. 70 ಕಿಲೊ ತೂಕದ ಮನುಷ್ಯನ ರಕ್ತಕ್ಕೆ ಇದು 100 ನ್ಯಾನೊಗ್ರಾಂ ಆಸುಪಾಸು ಸೇರಿದರೆ ಜೀವಕ್ಕೆ ಕುತ್ತು ಎಂಬುದು ತಜ್ಞರ ಅಂದಾಜು. ಇದೇ ವಸ್ತುವನ್ನು ಜಗತ್ತಿನಾದ್ಯಂತ ಲಕ್ಷಾಂತರ ಜನ ದುಡ್ಡು ಕೊಟ್ಟು ಹಣೆಗೆ ಚುಚ್ಚಿಸಿಕೊಳ್ಳುತ್ತಾರೆ, ಮತ್ತು ಬಹುಪಾಲು ಜನ ಸುರಕ್ಷಿತವಾಗಿ ಮನೆಗೆ ಹೋಗುತ್ತಾರೆ. ಇದು ಸಾಧ್ಯವಾಗಿರುವುದು ಅಳತೆಯಿಂದ ಮತ್ತು ಅಳತೆ ಬಲ್ಲ ಕೈಯಿಂದ. ಸುಕ್ಕಿನ ಚುಚ್ಚುಮದ್ದಿನ ಬಗ್ಗೆ ಯೋಚಿಸುವವರು ಮೊದಲು ತಿಳಿಯಬೇಕಾದ ಸಂಗತಿ ಇದೇ. ಇದು ಫೇಶಿಯಲ್‌ನ ಮುಂದಿನ ಮೆಟ್ಟಿಲಲ್ಲ, ಔಷಧ.

ಮುಖದ ಸುಕ್ಕುಗಳೆಲ್ಲ ಒಂದೇ ಜಾತಿಯವಲ್ಲ. ಸಿಟ್ಟು ಬಂದಾಗ, ಬಿಸಿಲಿಗೆ ಕಣ್ಣು ಕಿರಿದು ಮಾಡಿದಾಗ, ಮೊಬೈಲಿನ ಸಣ್ಣಕ್ಷರ ಓದುವಾಗ ಎರಡು ಹುಬ್ಬುಗಳೂ ಮೂಗಿನ ಬುಡದತ್ತ ಸರಿದು ನಡುವೆ ನೆಟ್ಟಗಿನ ಗೆರೆ ಮೂಡುತ್ತದೆ. ನಕ್ಕಾಗ ಕಣ್ಣಂಚಿನಲ್ಲಿ ಗೆರೆಗಳು ಬಿಚ್ಚಿಕೊಳ್ಳುತ್ತವೆ. ಅಚ್ಚರಿಯಾದಾಗ ಹಣೆಯಲ್ಲಿ ಅಡ್ಡಗೆರೆ ಬೀಳುತ್ತದೆ. ಚರ್ಮದಡಿಯ ಸ್ನಾಯುಗಳು ಎಳೆಯುವುದರಿಂದ ಹುಟ್ಟುವ ಈ ಗೆರೆಗಳು ಚಿಕ್ಕ ವಯಸ್ಸಿನಲ್ಲಿ ಬಂದಷ್ಟೇ ಬೇಗ ಅಳಿಸಿಹೋಗುತ್ತವೆ. ವರ್ಷಗಟ್ಟಲೆ ಅದೇ ಜಾಗದಲ್ಲಿ ಮಡಿಸಿದ ಮೇಲೆ, ಚರ್ಮದೊಳಗಿನ ಕೊಲಾಜೆನ್ ಕೂಡ ಸವೆದ ಮೇಲೆ, ಮುಖ ಸುಮ್ಮನಿದ್ದಾಗಲೂ ಅಲ್ಲೇ ಉಳಿದುಬಿಡುತ್ತವೆ. ಚುಚ್ಚುಮದ್ದು ಕೆಲಸ ಮಾಡುವುದು ಸ್ನಾಯುವಿನ ಮೇಲೆ. ಆದ್ದರಿಂದ ಎಳೆತದಿಂದ ಬಂದ ಗೆರೆಗಳು ಸಡಿಲಾಗುತ್ತವೆ. ಬಿಸಿಲು, ಧೂಮಪಾನ, ವಯಸ್ಸು ಸೇರಿ ಸಡಿಲಗೊಳಿಸಿದ ಕೆನ್ನೆಯ ಚರ್ಮ ಇದರಿಂದ ಬಿಗಿಯಾಗುವುದಿಲ್ಲ.

ಬಿಸಿಲಿನ ಕೈವಾಡ ಎಷ್ಟೆಂದು ತಿಳಿಯಲು 2012ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಅಚ್ಚಾದ ಒಂದು ಚಿತ್ರ ನೋಡಬೇಕು. 69 ವರ್ಷದ ಒಬ್ಬ ಟ್ರಕ್ ಚಾಲಕ, 28 ವರ್ಷ ಸರಕು ಸಾಗಿಸಿದವರು. ಅವರ ದೇಶದಲ್ಲಿ ಚಾಲಕನ ಸೀಟು ಎಡಗಡೆ. ಕಿಟಕಿಯ ಗಾಜು ದಾಟಿ ಬಂದ ನೇರಳಾತೀತ ಕಿರಣ ಎಡಗೆನ್ನೆಯ ಮೇಲೆ ಬೀಳುತ್ತಿತ್ತು. ಚಿತ್ರದಲ್ಲಿ ಅವರ ಮುಖದ ಬಲಭಾಗ ಸಾಧಾರಣವಾಗಿದೆ, ಎಡಭಾಗ ಜೋತುಬಿದ್ದು ದಪ್ಪ ಸುಕ್ಕುಗಳಿಂದ ತುಂಬಿದೆ. ಒಂದೇ ಮುಖ, ಎರಡು ವಯಸ್ಸು. ಆ ಎಡಗೆನ್ನೆಗೆ ಬೊಟಾಕ್ಸ್‌ನಿಂದ ಆಗುವ ಪ್ರಯೋಜನ ಅಷ್ಟಕ್ಕಷ್ಟೆ. ಅಂಥ ಹಾನಿಯನ್ನು ತಡೆಯುವ ಕೆಲಸ ಸನ್‌ಸ್ಕ್ರೀನಿನದು, ಟೋಪಿಯದು, ನೆರಳಿನದು.

ಈ ವಿಷದ ಪರಿಚಯ ಮನುಷ್ಯರಿಗೆ ಆದದ್ದು ಊಟದ ತಟ್ಟೆಯಲ್ಲಿ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಜರ್ಮನಿಯ ವ್ಯೂರ್ಟೆಂಬರ್ಗ್ ಸೀಮೆಯ ಹಳ್ಳಿಗಳಲ್ಲಿ ಹಳಸಿದ ಸಾಸೇಜ್ ತಿಂದವರು ವಿಚಿತ್ರವಾಗಿ ಸಾಯುತ್ತಿದ್ದರು. ರೆಪ್ಪೆ ಇಳಿಯುತ್ತಿತ್ತು, ಒಂದು ವಸ್ತು ಎರಡಾಗಿ ಕಾಣುತ್ತಿತ್ತು, ಗಂಟಲು ನುಂಗಲು ಒಲ್ಲೆನ್ನುತ್ತಿತ್ತು, ಕೊನೆಗೆ ಉಸಿರು ನಿಲ್ಲುತ್ತಿತ್ತು. ಅಷ್ಟೂ ಹೊತ್ತು ರೋಗಿಗೆ ಪ್ರಜ್ಞೆ ಸ್ವಚ್ಛವಾಗಿಯೇ ಇರುತ್ತಿತ್ತು. ಯುಸ್ಟಿನಸ್ ಕೆರ್ನರ್ ಎಂಬ ವೈದ್ಯ, ಆ ನಾಡಿನಲ್ಲಿ ಕವಿಯೆಂದೂ ಹೆಸರಾದವನು, ಇಂಥ 155 ಪ್ರಕರಣಗಳ ವಿವರ ಕೂಡಿಸಿ 1822ರಲ್ಲಿ ಪುಸ್ತಕ ತಂದ. ಪ್ರಾಣಿಗಳ ಮೇಲೆ ಪ್ರಯೋಗ ಮಾಡಿದ್ದಲ್ಲದೆ ಆ ಸಾರವನ್ನು ತಾನೇ ನಾಲಗೆಗೆ ಹಚ್ಚಿಕೊಂಡು ನೋಡಿದ. ನರಗಳಿಂದ ಸ್ನಾಯುಗಳಿಗೆ ಹೋಗುವ ಸಂದೇಶವನ್ನು ಈ ವಿಷ ತಡೆಯುತ್ತದೆ ಎಂದು ಅವನು ಗುರುತಿಸಿದ. ಅಂಗಾಂಗಗಳು ಹತೋಟಿ ಮೀರಿ ಕುಣಿಯುವ ಕಾಯಿಲೆಗಳಿಗೆ ಇದನ್ನೇ ಅತಿ ಸಣ್ಣ ಪ್ರಮಾಣದಲ್ಲಿ ಮದ್ದಾಗಿ ಕೊಡಬಹುದೇನೋ ಎಂದೂ ಬರೆದ. ಸೂಕ್ಷ್ಮಾಣುಗಳಿಂದ ರೋಗ ಬರುತ್ತದೆ ಎಂಬುದೇ ಗೊತ್ತಿರದ ಕಾಲದಲ್ಲಿ, ರೋಗಿಯ ಲಕ್ಷಣಗಳನ್ನಷ್ಟೇ ನೋಡಿ ಅಷ್ಟು ದೂರ ಊಹಿಸಿದ ಅವನ ಬುದ್ಧಿಗೆ ತಲೆದೂಗಲೇಬೇಕು.

ಈ ವಿಷವನ್ನು ಉತ್ಪಾದಿಸುವ ಸೂಕ್ಷ್ಮಾಣು ಸಿಕ್ಕಿದ್ದು ಬೆಲ್ಜಿಯಂನ ಎಲ್ಲೆಜೆಲ್ ಎಂಬ ಹಳ್ಳಿಯಲ್ಲಿ. 1895ರ ಡಿಸೆಂಬರ್‌ನಲ್ಲಿ ಒಂದು ಶವಸಂಸ್ಕಾರಕ್ಕೆ ವಾದ್ಯ ನುಡಿಸಲು ಬಂದ ತಂಡ ಊಟಕ್ಕೆ ಕುಳಿತು ಉಪ್ಪುನೀರಿನಲ್ಲಿ ನೆನೆಸಿಟ್ಟ ಹಂದಿಮಾಂಸ ತಿಂದಿತು. ಹಲವರು ಹಾಸಿಗೆ ಹಿಡಿದರು, ಮೂವರು ಸತ್ತರು. ಘೆಂಟ್ ವಿಶ್ವವಿದ್ಯಾಲಯದ ಎಮಿಲ್ ವಾನ್ ಎರ್ಮೆಂಗೆಮ್ ಉಳಿದ ಮಾಂಸದಿಂದಲೂ ಸತ್ತವನೊಬ್ಬನ ದೇಹದಿಂದಲೂ ಒಂದೇ ಬ್ಯಾಕ್ಟೀರಿಯಾವನ್ನು ಬೇರ್ಪಡಿಸಿದರು. ಗಾಳಿಯಿಲ್ಲದ ಕಡೆ ಬೆಳೆಯುವ ಜೀವಿ ಅದು. ಮನೆಯಲ್ಲಿ ಸರಿಯಾಗಿ ಕುದಿಸದೆ ಡಬ್ಬಿಗೆ ತುಂಬಿಟ್ಟ ಆಹಾರದ ಬಗ್ಗೆ ವೈದ್ಯರು ಇವತ್ತಿಗೂ ಎಚ್ಚರಿಕೆ ಹೇಳುವುದು ಇದೇ ಕಾರಣಕ್ಕೆ.

ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಸೇನೆ ಕ್ಯಾಂಪ್ ಡೆಟ್ರಿಕ್‌ನಲ್ಲಿ ಈ ವಿಷವನ್ನು ಅಸ್ತ್ರವಾಗಿಸಬಹುದೇ ಎಂದು ಪರೀಕ್ಷಿಸುತ್ತಿತ್ತು. ಅಲ್ಲಿನ ವಿಜ್ಞಾನಿಗಳು 1946ರಲ್ಲಿ ಅದನ್ನು ಶುದ್ಧ ಹರಳಿನ ರೂಪಕ್ಕೆ ತಂದರು. ಆ ವಿದ್ಯೆಯನ್ನು ಕರಗತ ಮಾಡಿಕೊಂಡಿದ್ದ ಎಡ್ವರ್ಡ್ ಶಾಂಟ್ಸ್ 1972ರಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯಕ್ಕೆ ಬಂದರು. 1979ರ ನವೆಂಬರ್‌ನಲ್ಲಿ ಅವರು ತಯಾರಿಸಿದ ಒಂದೇ ಒಂದು ಬ್ಯಾಚ್ 1997ರವರೆಗೆ ರೋಗಿಗಳಿಗೆ ಬಳಕೆಯಾಯಿತು. ಬ್ರಿಟನ್ನಿನಲ್ಲೂ ಹಾಗೆಯೇ: ಇದೇ ವಿಷದಿಂದ ತಯಾರಾಗುವ ಡಿಸ್‌ಪೋರ್ಟ್ ಎಂಬ ಔಷಧದ ಬೇರು ಇರುವುದು ಸೇನಾ ಸಂಶೋಧನೆಗೆ ಹೆಸರಾದ ಪೋರ್ಟನ್ ಡೌನ್‌ನಲ್ಲಿ. ಯುದ್ಧಕ್ಕೆಂದು ಕಲಿತ ಶುದ್ಧೀಕರಣವಿಲ್ಲದಿದ್ದರೆ ನಂಬಬಹುದಾದ ಅಳತೆಯೂ ಇರುತ್ತಿರಲಿಲ್ಲ, ಮದ್ದೂ ಇರುತ್ತಿರಲಿಲ್ಲ.

ಶಾಂಟ್ಸ್ ಅವರಿಂದ ಈ ವಿಷವನ್ನು ತರಿಸಿಕೊಳ್ಳುತ್ತಿದ್ದವರು ಸ್ಯಾನ್‌ಫ್ರಾನ್ಸಿಸ್ಕೊದ ಕಣ್ಣಿನ ವೈದ್ಯ ಅಲನ್ ಸ್ಕಾಟ್. ಮಾಲುಗಣ್ಣಿನಲ್ಲಿ ಕಣ್ಣುಗುಡ್ಡೆಯನ್ನು ಒಂದು ಸ್ನಾಯು ಅತಿಯಾಗಿ ಎಳೆಯುತ್ತಿರುತ್ತದೆ. ಅದನ್ನು ಕತ್ತರಿಸುವ ಬದಲು ಸ್ವಲ್ಪ ಸಡಿಲಗೊಳಿಸಿದರೆ ಹೇಗೆ ಎಂಬುದು ಅವರ ಪ್ರಶ್ನೆ. 1973ರಲ್ಲಿ ಮಂಗಗಳ ಮೇಲಿನ ಫಲಿತಾಂಶ ಪ್ರಕಟಿಸಿದರು. ಅದೇ ದಶಕದ ಕೊನೆಗೆ ಮನುಷ್ಯರಿಗೂ ಚುಚ್ಚಿ ನೋಡಿದರು. ರೆಪ್ಪೆಗಳು ತಾವಾಗಿಯೇ ಬಿಗಿದುಕೊಂಡು ಕಣ್ಣಿದ್ದೂ ಕುರುಡಾಗುವ ಬ್ಲೆಫರೊಸ್ಪಾಸಂ ರೋಗಿಗಳಿಗೆ ಇದು ವರವಾಯಿತು. ಅಮೆರಿಕದ ಔಷಧ ಆಡಳಿತ ಎಫ್‌ಡಿಎ 1989ರ ಡಿಸೆಂಬರ್‌ನಲ್ಲಿ ಒಪ್ಪಿಗೆ ಕೊಟ್ಟಿತು. ಅಲರ್ಗನ್ ಕಂಪನಿ ಇದನ್ನು ಕೊಂಡು ಬೊಟಾಕ್ಸ್ ಎಂಬ ಹೆಸರಿನಿಂದ ಮಾರಿತು.

ಸುಕ್ಕಿಗೂ ಇದು ಮದ್ದು ಎಂದು ಕಂಡುಹಿಡಿದ ಶ್ರೇಯಸ್ಸಿನಲ್ಲಿ ಒಬ್ಬ ರೋಗಿಯ ಪಾಲು ದೊಡ್ಡದು. ಕೆನಡಾದ ವ್ಯಾಂಕೂವರ್‌ನಲ್ಲಿ ಜೀನ್ ಕರುದರ್ಸ್ ಎಂಬ ಕಣ್ಣಿನ ವೈದ್ಯೆ ಬ್ಲೆಫರೊಸ್ಪಾಸಂಗೆ ಚಿಕಿತ್ಸೆ ಕೊಡುತ್ತಿದ್ದರು. 1987ರಲ್ಲಿ ಒಬ್ಬ ಮಹಿಳೆ ಈ ಸಲ ಹುಬ್ಬಿನ ನಡುವೆ ಚುಚ್ಚಲಿಲ್ಲವೆಂದು ಬೇಸರಿಸಿಕೊಂಡರು. ಅಲ್ಲಿ ಸೆಳೆತವೇ ಇಲ್ಲವಲ್ಲ ಎಂದರೆ, ಅಲ್ಲಿ ಚುಚ್ಚಿದಾಗಲೆಲ್ಲ ತಮ್ಮ ಮುಖಕ್ಕೆ ನೆಮ್ಮದಿಯ ಕಳೆ ಬರುತ್ತದೆ ಎಂದು ಆಕೆ ವಿವರಿಸಿದರು. ಜೀನ್ ಅವರ ಪತಿ ಅಲೆಸ್ಟರ್ ಕರುದರ್ಸ್ ಚರ್ಮವೈದ್ಯರು, ಹುಬ್ಬಿನ ನಡುವಿನ ಗೆರೆಗಳಿಗೆ ಸರಿಯಾದ ಪರಿಹಾರ ಸಿಗದೆ ಒದ್ದಾಡುತ್ತಿದ್ದವರು. ಊಟದ ಮೇಜಿನ ಮಾತು ಸಂಶೋಧನೆಯಾಯಿತು. ಮೊದಲ ಕಾಲದಲ್ಲಿ ಮುಖಕ್ಕೆ ವಿಷ ಚುಚ್ಚುತ್ತೇವೆಂದರೆ ಒಪ್ಪುವವರು ವಿರಳ. 1992ರಲ್ಲಿ ದಂಪತಿ ಪ್ರಕಟಿಸಿದ ಪ್ರಬಂಧದಲ್ಲಿ ಇದ್ದದ್ದು 18 ರೋಗಿಗಳು. ಹತ್ತು ವರ್ಷಗಳ ಬಳಿಕ, 2002ರ ಏಪ್ರಿಲ್‌ನಲ್ಲಿ, ಹುಬ್ಬಿನ ನಡುವಿನ ಗೆರೆಗೆ ಎಫ್‌ಡಿಎ ಅನುಮತಿ ಬಂತು. ಕಣ್ಣಂಚಿನ ಗೆರೆಗೆ 2013ರಲ್ಲಿ, ಹಣೆಯ ಅಡ್ಡಗೆರೆಗೆ 2017ರಲ್ಲಿ.

ಚುಚ್ಚಿದ ಮೇಲೆ ಒಳಗೆ ನಡೆಯುವುದು ಇಷ್ಟು. ನರದ ತುದಿಯಲ್ಲಿ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ತುಂಬಿದ ಸೂಕ್ಷ್ಮ ಚೀಲಗಳಿರುತ್ತವೆ. ಮಿದುಳಿನಿಂದ ಆಜ್ಞೆ ಬಂದಾಗ ಕೆಲವು ಪ್ರೋಟೀನು ಎಳೆಗಳು ಆ ಚೀಲವನ್ನು ನರದ ಗೋಡೆಯವರೆಗೆ ಎಳೆದು ತಂದು ಬಾಯಿ ತೆರೆಸುತ್ತವೆ. ರಾಸಾಯನಿಕ ಹೊರಬಿದ್ದು ಸ್ನಾಯು ಮುದುಡುತ್ತದೆ. ಆ ಎಳೆಗಳಲ್ಲಿ ಒಂದಾದ ಸ್ನ್ಯಾಪ್-25 ಎಂಬ ಪ್ರೋಟೀನನ್ನು ಬೊಟುಲಿನಮ್ ಕತ್ತರಿಸುತ್ತದೆ. ಬಾವಿಯಲ್ಲಿ ಕೊಡ ತುಂಬಿದೆ, ಹಗ್ಗ ತುಂಡಾಗಿದೆ. ನೀರು ಮೇಲೆ ಬರುವುದಿಲ್ಲ. ಸ್ನಾಯುವಿಗೆ ಏನೂ ಗಾಯವಾಗಿರುವುದಿಲ್ಲ, ಆಜ್ಞೆ ತಲುಪುವುದಿಲ್ಲ, ಅಷ್ಟೆ. ಎರಡು ಮೂರು ದಿನಗಳಲ್ಲಿ ಸಡಿಲ ಕಾಣಿಸಿಕೊಂಡು ಎರಡು ವಾರದ ಹೊತ್ತಿಗೆ ಪೂರ್ಣ ಪರಿಣಾಮ ತಿಳಿಯುತ್ತದೆ. ಆಮೇಲೆ ನರ ಹೊಸ ಕವಲು ಚಾಚಿ, ಹಳೆಯ ತುದಿಯನ್ನೂ ರಿಪೇರಿ ಮಾಡಿಕೊಂಡು, ಮೂರು ನಾಲ್ಕು ತಿಂಗಳಲ್ಲಿ ಮತ್ತೆ ಎಳೆಯತೊಡಗುತ್ತದೆ. ಹಾಗಾಗಿ ನಾಳೆ ಮದುವೆಯಿದೆಯೆಂದು ಇವತ್ತು ಕ್ಲಿನಿಕ್‌ಗೆ ಓಡುವುದರಲ್ಲಿ ಅರ್ಥವಿಲ್ಲ. ಆರತಕ್ಷತೆಯ ಫೋಟೊದಲ್ಲಿ ಕಾಣುವುದು ಸೂಜಿಯ ಕೆಂಪು ಚುಕ್ಕೆ ಮಾತ್ರ.

ಹುಬ್ಬಿನ ನಡುವಿನ ಗೆರೆಗೆ ಅನುಮತಿ ಪಡೆದ ಬೊಟಾಕ್ಸ್ ಪ್ರಮಾಣ 20 ಯೂನಿಟ್, ಐದು ಜಾಗಗಳಲ್ಲಿ ನಾಲ್ಕು ನಾಲ್ಕು ಯೂನಿಟ್. ಯೂನಿಟ್ ಎಂಬ ಅಳತೆ ಇಲಿಗಳ ಜೀವದಿಂದ ಬಂದದ್ದು: ಒಂದು ಗುಂಪಿನ ಇಲಿಗಳಲ್ಲಿ ಅರ್ಧದಷ್ಟನ್ನು ಕೊಲ್ಲುವ ಪ್ರಮಾಣ ಒಂದು ಯೂನಿಟ್. ಜೀವಕೋಶಗಳ ಮೇಲೆ ಪರೀಕ್ಷಿಸುವ ವಿಧಾನಕ್ಕೆ 2011ರಲ್ಲಿ ಒಪ್ಪಿಗೆ ಸಿಗುವವರೆಗೂ ಬೊಟಾಕ್ಸ್‌ನ ಪ್ರತಿ ಬ್ಯಾಚಿಗೂ ಇಲಿಗಳೇ ಬೇಕಿದ್ದವು. ಸೌಂದರ್ಯಕ್ಕೆ ತೆತ್ತ ಈ ಬೆಲೆ ಜಾಹೀರಾತಿನಲ್ಲಿ ಕಾಣುವುದಿಲ್ಲ, ಗೊತ್ತಿರುವುದು ಒಳ್ಳೆಯದು. ಇನ್ನೊಂದು ಮಾತು: ಬೇರೆ ಬೇರೆ ಕಂಪನಿಗಳ ಯೂನಿಟ್‌ಗಳು ಒಂದಕ್ಕೊಂದು ಸಮನಲ್ಲ. ಬೊಟಾಕ್ಸ್‌ನ 20 ಯೂನಿಟ್‌ಗೂ ಡಿಸ್‌ಪೋರ್ಟ್‌ನ 20 ಯೂನಿಟ್‌ಗೂ ಸಂಬಂಧವಿಲ್ಲ. ಯೂನಿಟ್ ದರ ಹೋಲಿಸಿ ಅಗ್ಗದ್ದು ಆರಿಸುವವರು ಬ್ರ್ಯಾಂಡ್ ಯಾವುದೆಂದು ಕೇಳದಿದ್ದರೆ ಆ ಹೋಲಿಕೆಗೆ ಬೆಲೆಯಿಲ್ಲ.

ಅಳತೆಯಷ್ಟೇ ಜಾಗವೂ ಮುಖ್ಯ. ಹುಬ್ಬನ್ನು ಮೇಲೆತ್ತುವುದು ಹಣೆಯ ಸ್ನಾಯು, ಕೆಳಕ್ಕೆಳೆಯುವುದು ಹುಬ್ಬಿನ ನಡುವಿನ ಮತ್ತು ಕಣ್ಣಿನ ಸುತ್ತಲ ಸ್ನಾಯುಗಳು. ಹಣೆಗೆ ಹೆಚ್ಚಾದರೆ ಹುಬ್ಬು ಜೋಲುತ್ತದೆ. ಔಷಧ ಕಣ್ಣುಗೂಡಿನೊಳಕ್ಕೆ ಹರಡಿ ರೆಪ್ಪೆ ಎತ್ತುವ ಸ್ನಾಯುವಿಗೆ ತಗುಲಿದರೆ ಒಂದು ಕಣ್ಣು ಕೆಲವು ವಾರ ಅರ್ಧ ಮುಚ್ಚಿರುತ್ತದೆ. ಚುಚ್ಚಿದ ಮೇಲೆ ಕೆಲವು ಗಂಟೆ ಆ ಜಾಗ ಉಜ್ಜಬೇಡಿ, ಮಲಗಬೇಡಿ ಎಂದು ವೈದ್ಯರು ಹೇಳುವುದು ಅದಕ್ಕೇ. ಗರ್ಭಿಣಿಯರಿಗೆ, ಹಾಲುಣಿಸುವವರಿಗೆ ಇದನ್ನು ಕೊಡುವುದಿಲ್ಲ. ಮಯಸ್ತೇನಿಯಾ ಗ್ರಾವಿಸ್‌ನಂಥ ನರ-ಸ್ನಾಯು ಕಾಯಿಲೆ ಇರುವವರಿಗೆ, ಜೆಂಟಾಮೈಸಿನ್, ಅಮಿಕಾಸಿನ್ ಜಾತಿಯ ಆಂಟಿಬಯಾಟಿಕ್ ತೆಗೆದುಕೊಳ್ಳುತ್ತಿರುವವರಿಗೆ ಅಪಾಯ ಹೆಚ್ಚು. ಇವನ್ನೆಲ್ಲ ಕೇಳದೆ ಸೂಜಿ ಎತ್ತುವವರ ಮುಂದೆ ಕೂರಬಾರದು.

ದೀರ್ಘಕಾಲದ ಪರಿಣಾಮ ಹೇಗಿರುತ್ತದೆ ಎಂಬುದಕ್ಕೆ 2006ರಲ್ಲಿ ಪ್ರಕಟವಾದ ಅವಳಿ ಸೋದರಿಯರ ವರದಿ ಕುತೂಹಲಕರ. ತದ್ರೂಪಿ ಅವಳಿಗಳು, 38 ವರ್ಷ. ಲಾಸ್ ಏಂಜಲಿಸ್‌ನಲ್ಲಿದ್ದವರು 13 ವರ್ಷ ನಿಯಮಿತವಾಗಿ ಹಣೆಗೆ, ಹುಬ್ಬಿನ ನಡುವೆ ಚುಚ್ಚಿಸಿಕೊಂಡಿದ್ದರು; ಮ್ಯೂನಿಕ್‌ನಲ್ಲಿದ್ದವರು ಅಷ್ಟೂ ಅವಧಿಯಲ್ಲಿ ಎರಡೇ ಸಲ. ಮೊದಲನೆಯವರ ಹಣೆಯಲ್ಲಿ ಸುಮ್ಮನಿದ್ದಾಗ ಗೆರೆಯಿರಲಿಲ್ಲ, ಎರಡನೆಯವರಲ್ಲಿ ಇತ್ತು. ಇಬ್ಬರ ಹೋಲಿಕೆಯಿಂದ ಎಲ್ಲರ ಬಗ್ಗೆ ತೀರ್ಪು ಕೊಡಲಾಗದು; ಮಡಿಕೆ ಬೀಳದ ಚರ್ಮದಲ್ಲಿ ಗೆರೆ ತಡವಾಗಿ ಕೂರುತ್ತದೆ ಎಂಬ ಮಾತಿಗೆ ಮಾತ್ರ ಅದು ಒಳ್ಳೆಯ ಉದಾಹರಣೆ.

ಹಾಗಾದರೆ ಮುಖ ಏನನ್ನೂ ಕಳೆದುಕೊಳ್ಳುವುದಿಲ್ಲವೆ? ಕಳೆದುಕೊಳ್ಳುತ್ತದೆ, ಮತ್ತು ಅದನ್ನು ಅಭಿನಯ ಬಲ್ಲ ನಾಡಿನವರಿಗೆ ಬಿಡಿಸಿ ಹೇಳಬೇಕಿಲ್ಲ. ಭರತನ ನಾಟ್ಯಶಾಸ್ತ್ರ ಹುಬ್ಬಿನ ಚಲನೆಗಳನ್ನೇ ಏಳು ಬಗೆಯಾಗಿ ವಿಂಗಡಿಸುತ್ತದೆ. ಅದರಲ್ಲಿ ಕ್ರೋಧಕ್ಕೆ ಸಲ್ಲುವ ಭ್ರುಕುಟಿಯನ್ನು ಸಾಧ್ಯವಾಗಿಸುವ ಸ್ನಾಯುಗಳೇ ಈ ಚುಚ್ಚುಮದ್ದಿನ ಮೊದಲ ಗುರಿ. ನೃತ್ಯ, ನಾಟಕ, ಯಕ್ಷಗಾನದಲ್ಲಿ ತೊಡಗಿದವರು ಪ್ರಮಾಣದ ಮಾತು ಬರುವ ಮೊದಲೇ ವೈದ್ಯರಿಗೆ ತಮ್ಮ ಕೆಲಸ ತಿಳಿಸುವುದು ಅಗತ್ಯ. ಅಭಿನಯ ಮಾಡದವರಲ್ಲೂ ಹುಬ್ಬು ಸುಮ್ಮನಾದರೆ ಮನಸ್ಸಿನಲ್ಲಿ ಏನಾದರೂ ಬದಲಾಗುತ್ತದೆಯೇ ಎಂದು ವಿಜ್ಞಾನಿಗಳು ಕೇಳಿದ್ದಾರೆ. 2010ರಲ್ಲಿ ವಿಸ್ಕಾನ್ಸಿನ್‌ನ ಸಂಶೋಧಕರು ಹುಬ್ಬಿನ ನಡುವೆ ಚುಚ್ಚಿಸಿಕೊಂಡವರಿಗೆ ವಾಕ್ಯಗಳನ್ನು ಓದಿಸಿದರು. ಸಿಟ್ಟಿನ, ದುಃಖದ ವಾಕ್ಯಗಳನ್ನು ಅವರು ಮೊದಲಿಗಿಂತ ತುಸು ನಿಧಾನವಾಗಿ ಗ್ರಹಿಸಿದರು. ಸಂತೋಷದ ವಾಕ್ಯಗಳಲ್ಲಿ ವ್ಯತ್ಯಾಸವಿರಲಿಲ್ಲ. ಖಿನ್ನತೆಗೆ ಇದನ್ನು ಚಿಕಿತ್ಸೆಯಾಗಿ ಬಳಸಬಹುದೇ ಎಂಬ ಪ್ರಯೋಗಗಳೂ ನಡೆದಿವೆ, ವಾದ ಇನ್ನೂ ಮುಗಿದಿಲ್ಲ.

ಬೊಟಾಕ್ಸ್ ಮತ್ತು ಫಿಲ್ಲರ್ ಎರಡನ್ನೂ ಒಂದೇ ಎಂದುಕೊಳ್ಳುವವರು ಬಹಳ. ಫಿಲ್ಲರ್ ಸ್ನಾಯುವನ್ನು ಮುಟ್ಟುವುದಿಲ್ಲ. ಮೂಗಿನಿಂದ ಬಾಯಂಚಿಗೆ ಇಳಿಯುವ ಮಡಿಕೆ, ಇಳಿದ ಕೆನ್ನೆ, ತೆಳುವಾದ ತುಟಿ ಇಂಥ ಕಡೆ ಜೆಲ್ ತುಂಬಿ ಉಬ್ಬಿಸುತ್ತದೆ. ಈ ಆಸೆ ಹಳೆಯದು: ಹತ್ತೊಂಬತ್ತನೆಯ ಶತಮಾನ ಮುಗಿಯುವ ಹೊತ್ತಿಗೇ ಯುರೋಪಿನಲ್ಲಿ ಪ್ಯಾರಾಫಿನ್ ಮೇಣ ಕರಗಿಸಿ ಮುಖಕ್ಕೆ ಚುಚ್ಚತೊಡಗಿದ್ದರು, ಅದು ವರ್ಷಗಳ ನಂತರ ಗಂಟುಕಟ್ಟಿ, ಜಾರಿ ಎಷ್ಟೋ ಮುಖಗಳನ್ನು ಕೆಡಿಸಿತು. ಈಗ ಹೆಚ್ಚಾಗಿ ಬಳಸುವುದು ಹೈಲುರಾನಿಕ್ ಆಸಿಡ್ ಎಂಬ, ನಮ್ಮ ಚರ್ಮದಲ್ಲೂ ಇರುವ ವಸ್ತು. ತಪ್ಪಾದರೆ ಕರಗಿಸಲು ಹೈಲುರಾನಿಡೇಸ್ ಎಂಬ ಮದ್ದಿದೆ. ಆದರೂ ಜೆಲ್ ಅಕಸ್ಮಾತ್ ರಕ್ತನಾಳದೊಳಕ್ಕೆ ಹೋದರೆ ಚರ್ಮ ಸಾಯಬಹುದು, ಕಣ್ಣಿಗೆ ಹೋಗುವ ನಾಳ ಕಟ್ಟಿಕೊಂಡರೆ ದೃಷ್ಟಿಯೇ ಹೋಗಬಹುದು. ಈ ಅಪಾಯ ಅಪರೂಪದ್ದು, ಆದರೆ ನಿಮಿಷಗಳ ಲೆಕ್ಕದ್ದು. ಹೈಲುರಾನಿಡೇಸ್ ಕೈಯಳತೆಯಲ್ಲಿ ಇಟ್ಟುಕೊಳ್ಳದ ಕ್ಲಿನಿಕ್‌ನಲ್ಲಿ ಫಿಲ್ಲರ್ ಹಾಕಿಸಿಕೊಳ್ಳಬಾರದು.

ನಮ್ಮೂರುಗಳ ಸಲೂನ್ ಬೋರ್ಡುಗಳಲ್ಲಿ ಕಾಣುವ ‘ಹೇರ್ ಬೊಟಾಕ್ಸ್’ಗೂ ಇದಕ್ಕೂ ನಂಟಿಲ್ಲ. ಅದು ಕೂದಲಿಗೆ ಹಚ್ಚುವ ಕಂಡಿಷನರ್ ಬಗೆಯ ಲೇಪ, ಅದರಲ್ಲಿ ಟಾಕ್ಸಿನ್ ಇರುವುದಿಲ್ಲ. ತೊಂದರೆಯೆಂದರೆ ಆ ಹೆಸರು ಪಾರ್ಲರಿನಲ್ಲಿ ಇಷ್ಟು ಸಲೀಸಾಗಿ ಓಡಾಡುವುದರಿಂದ ನಿಜವಾದ ಚುಚ್ಚುಮದ್ದೂ ಅಲ್ಲೇ ಸಿಗುವಂಥದ್ದು ಎಂಬ ಭಾವನೆ ಬೆಳೆಯುತ್ತದೆ.

ಆ ಭಾವನೆ ಎಲ್ಲಿಗೆ ಮುಟ್ಟಿಸಬಹುದು ಎಂಬುದಕ್ಕೆ 2004ರ ಫ್ಲಾರಿಡಾ ಸಾಕ್ಷಿ. ಲೈಸೆನ್ಸ್ ಅಮಾನತಾಗಿದ್ದ ಒಬ್ಬ ವೈದ್ಯ ಪ್ರಯೋಗಾಲಯಗಳಿಗೆಂದು ಮಾರುವ, ಮನುಷ್ಯರಿಗೆ ಬಳಸಬಾರದ ಕಚ್ಚಾ ಟಾಕ್ಸಿನ್ ತಂದು ತಾನೂ ಚುಚ್ಚಿಕೊಂಡು ಇನ್ನೂ ಮೂವರಿಗೆ ಚುಚ್ಚಿದ. ಸಾಮಾನ್ಯ ಸೀಸೆಯಲ್ಲಿ ನ್ಯಾನೊಗ್ರಾಂ ಲೆಕ್ಕ. ಆ ಸೀಸೆಯಲ್ಲಿದ್ದದ್ದು ಮೈಕ್ರೊಗ್ರಾಂ ಲೆಕ್ಕ, ಅಂದರೆ ಸಾವಿರಾರು ಪಟ್ಟು ಹೆಚ್ಚು. ನಾಲ್ವರೂ ವೆಂಟಿಲೇಟರ್ ಮೇಲೆ ವಾರಗಟ್ಟಲೆ ಕಳೆದರು. ಪ್ರತಿವಿಷ ಇದೆ ನಿಜ, ಆದರೆ ಅದು ರಕ್ತದಲ್ಲಿ ತಿರುಗುತ್ತಿರುವ ವಿಷವನ್ನಷ್ಟೇ ಹಿಡಿಯುತ್ತದೆ. ಆಗಲೇ ನರದೊಳಕ್ಕೆ ಹೊಕ್ಕದ್ದನ್ನು ಹೊರಗೆಳೆಯಲಾರದು. ನರ ತಾನೇ ಚೇತರಿಸಿಕೊಳ್ಳುವವರೆಗೆ ಯಂತ್ರವೇ ಉಸಿರಾಡಬೇಕು. 2024ರಲ್ಲಿ ಅಮೆರಿಕದ ಹಲವು ರಾಜ್ಯಗಳಲ್ಲಿ ಮತ್ತೆ ಜನ ಆಸ್ಪತ್ರೆ ಸೇರಿದರು; ಮನೆಗಳಲ್ಲಿ, ಸ್ಪಾಗಳಲ್ಲಿ ಚುಚ್ಚಿಸಿಕೊಂಡವರು ಅವರಲ್ಲಿದ್ದರು, ನಕಲಿ ಬೊಟಾಕ್ಸ್ ಸೀಸೆಗಳು ಪತ್ತೆಯಾದವು.

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನರರೋಗ ತಜ್ಞರು ಇದೇ ಔಷಧವನ್ನು ಕುತ್ತಿಗೆ ತಿರುಚಿಕೊಂಡವರಿಗೆ, ಪೆನ್ನು ಹಿಡಿದೊಡನೆ ಕೈ ಸೆಟೆದುಕೊಳ್ಳುವವರಿಗೆ, ಅರ್ಧ ಮುಖ ಸದಾ ಅದುರುವವರಿಗೆ ಕೊಡುತ್ತಾರೆ. ಅಂಥವರು ಮೂರು ನಾಲ್ಕು ತಿಂಗಳಿಗೊಮ್ಮೆ ದೂರದ ಊರುಗಳಿಂದ ಬಂದು ಚುಚ್ಚಿಸಿಕೊಂಡು ಹೋಗುವುದು ಕೈ ಬರೆಯಲೆಂದು, ಕತ್ತು ನೆಟ್ಟಗಿರಲೆಂದು. ಅಲ್ಲಿ ವಹಿಸುವ ಎಚ್ಚರ ಸುಕ್ಕಿಗೆ ಬಳಸುವಾಗಲೂ ಬೇಕು, ಸುಕ್ಕು ರೋಗವಲ್ಲವಾದ್ದರಿಂದ ಇನ್ನೂ ಹೆಚ್ಚು ಬೇಕು. ತನ್ನ ಹಣೆ ಹೇಗಿರಬೇಕೆಂದು ನಿರ್ಧರಿಸುವ ಹಕ್ಕು ಆಯಾ ಹೆಂಗಸಿನದು, ಆಯಾ ಗಂಡಸಿನದು. ಅದಕ್ಕಾಗಿ ಯಾರನ್ನೂ ಆಡಿಕೊಳ್ಳುವುದು ಸಲ್ಲದು. ಆದರೆ ಆ ಹಕ್ಕಿನ ಜೊತೆ ಕೇಳುವ ಹಕ್ಕೂ ಇದೆ: ಚುಚ್ಚುವವರು ಚರ್ಮವೈದ್ಯರೋ, ಪ್ಲಾಸ್ಟಿಕ್ ಸರ್ಜನ್ನೋ, ವೈದ್ಯಕೀಯ ಪರಿಷತ್ತಿನ ನೋಂದಣಿ ಸಂಖ್ಯೆ ಏನು, ಕ್ಲಿನಿಕ್ ಕರ್ನಾಟಕದ ಖಾಸಗಿ ವೈದ್ಯಕೀಯ ಸಂಸ್ಥೆಗಳ (ಕೆಪಿಎಂಇ) ಕಾಯ್ದೆಯಡಿ ನೋಂದಾಯಿತವೇ, ಸೀಸೆಯ ಬ್ರ್ಯಾಂಡ್ ಯಾವುದು, ಅವಧಿ ಎಂದಿಗೆ ಮುಗಿಯುತ್ತದೆ, ಎಷ್ಟು ಯೂನಿಟ್, ಎಲ್ಲೆಲ್ಲಿ. ಉತ್ತರಗಳನ್ನು ಚೀಟಿಯಲ್ಲಿ ಬರೆಸಿಕೊಳ್ಳಬೇಕು. ಚುಚ್ಚಿಸಿಕೊಂಡ ಕೆಲವು ಗಂಟೆಗಳಿಂದ ಕೆಲವು ವಾರಗಳೊಳಗೆ ನುಂಗಲು ಕಷ್ಟವಾದರೆ, ಮಾತು ತೊದಲಿದರೆ, ಉಸಿರು ಸಾಲದೆನಿಸಿದರೆ ಚುಚ್ಚಿದವರಿಗೆ ಫೋನ್ ಮಾಡುತ್ತ ಕೂರದೆ ನೇರ ದೊಡ್ಡಾಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ, ಆ ಚೀಟಿಯನ್ನು ಅಲ್ಲಿನ ವೈದ್ಯರ ಕೈಗೆ ಕೊಡಬೇಕು.